ಎಂಟು ಗಂಟೆಯ ದರಿದ್ರ

“ಶುರುವಾಯ್ತು ನೋಡು ದರಿದ್ರ” ಅನ್ನುತ್ತಾ ದೊಡ್ಡಮ್ಮ ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದರು. ಬೈದುಕೊಂಡು ಸೌಂಡು ಕಮ್ಮಿ ಮಾಡುವವರನ್ನು ಎಲ್ಲ ಕಡೆ ನೋಡಬಹುದು. ಬೈದುಕೊಂಡು ಜಾಸ್ತಿ ಮಾಡುವವರನ್ನು ನಾನು ಮೊದಲು ಕಂಡದ್ದು ಮೈಸೂರಿನ ಒಂಟಿಕೊಪ್ಪಲಿನ ಆ ಮನೆಯಲ್ಲಿ. ರಾತ್ರಿ ಎಂಟಕ್ಕೆ ಸರಿಯಾಗಿ ನಡುಮನೆಗೆ ಚಾಪೆ ಬೀಳುತ್ತಿತ್ತು. ಅವರೆಕಾಯಿ ಕಾಲವಾದರೆ ಚಾಪೆಯ ನಡುವೆ ದೊಡ್ಡ ಬೇಸಿನ್ನು, ಅದರಲ್ಲಿ ಮಧ್ಯಾಹ್ನವೇ ನೆನೆಹಾಕಿದ ಕಾಳು, ಸುತ್ತ ನಾವು ನಾಲ್ಕೈದು ಜನ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಕೈಯಲ್ಲಿ. ಈ ಕೆಲಸಕ್ಕೆ ಕಣ್ಣು ಬೇಡ, ಬುದ್ಧಿ ಬೇಡ, ಬಾಯಂತೂ ಬೇಡವೇ ಬೇಡ. ಮೂರಕ್ಕೂ ಬೇರೆ ಕೆಲಸ ಬೇಕಲ್ಲ, ಅದನ್ನು ಧಾರಾವಾಹಿ ಒದಗಿಸುತ್ತಿತ್ತು.

ಅದರ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಬೇರೆ ಯಾವುದೋ ನೆನಪಾಗುತ್ತದೆ, ಅಷ್ಟು ಒಂದೇ ಅಚ್ಚು. ಹಾಲಿನ ಮಧ್ಯದಲ್ಲಿ ಮಹಡಿ ಮೆಟ್ಟಿಲಿರುವ ಬಂಗಲೆ. ಅಲ್ಲಿನ ಸೊಸೆ ರಾತ್ರಿ ಮಲಗುವಾಗಲೂ ಜುಮುಕಿ ಬಿಚ್ಚುವುದಿಲ್ಲ. “ಮಗ್ಗುಲಾದ್ರೆ ಚುಚ್ಚಲ್ವೇನೇ ನಿಂಗೆ?” ಎಂದು ದೊಡ್ಡಮ್ಮ ದಿನವೂ ಕೇಳುತ್ತಿದ್ದರು. ಲೋಟದಲ್ಲಿ ಹಾಲು ಕಂಡರೆ ಅದರಲ್ಲಿ ವಿಷ. ಫೈಲು ಯಾರು ತಂದರೂ ಅದರ ಮೂರನೇ ಹಾಳೆ ಆಸ್ತಿಪತ್ರ. ಓದದೆ ಸಹಿ ಹಾಕುವ ಯಜಮಾನ ಊರಿಗೇ ದೊಡ್ಡ ಬಿಸಿನೆಸ್‌ಮನ್. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತೆದ್ದ ದೊಡ್ಡಪ್ಪನಿಗೆ ಈ ಸಹಿ ಮಾತ್ರ ತಡೆಯುತ್ತಿರಲಿಲ್ಲ. “ಸಾಕ್ಷಿ ಎಲ್ರೀ? ಸ್ಟಾಂಪ್ ಪೇಪರ್ ಎಲ್ಲಿ? ಸಬ್ ರಿಜಿಸ್ಟ್ರಾರ್ ಮುಂದೆ ಇದು ನಿಲ್ಲತ್ಯೇ?” ಎಂದು ಟಿವಿಯನ್ನೇ ಗದರುತ್ತಿದ್ದರು. ಇನ್ನು ಯಾರಾದರೂ ಕೆಟ್ಟ ಸುದ್ದಿ ಹೇಳಿದರೆ ಮುಗಿಯಿತು, ಗುಡುಗು. ಮನೆಮಂದಿ ಏಳು ಜನ, ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಕ್ಯಾಮೆರಾ ನುಗ್ಗಬೇಕು. ಮೂಲೆಯಲ್ಲಿ ನಿಂತ ಅಡುಗೆಯವನಿಗೂ ಪಾಪ ಒಂದು. ಲೆಕ್ಕ ಇಡುವ ಕೆಲಸ ನನ್ನದು: ಒಂದು ಗುಡುಗಿಗೆ ಒಂದು ಬೇಳೆ, ಚಾಪೆಯ ಅಂಚಿಗೆ ಸಾಲಾಗಿ. ಸತ್ತುಹೋಗಿದ್ದ ತಮ್ಮ ಅಣ್ಣನ ಮದುವೆಮನೆಗೆ ನಡೆದು ಬಂದ ದಿನ ಇಪ್ಪತ್ತೆರಡು ಬೇಳೆಯಾಗಿತ್ತು.

ಅದರ ಮಾರನೆಯ ದಿನ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಮಗೇನು, ನಾವು ಗೇಲಿ ಮಾಡುವವರು, ಪೀಡೆ ತೊಲಗಿತು ಎಂದು ಒಳಗೆ ಎದ್ದುಹೋಗಬಹುದಿತ್ತು. ದೊಡ್ಡಮ್ಮ ಕತ್ತಲಲ್ಲೇ ಸೆರಗಿಗೆ ಕೈ ಒರೆಸಿಕೊಂಡು, ತಮ್ಮ ಚಪ್ಪಲಿ ಸಿಕ್ಕದೆ ದೊಡ್ಡಪ್ಪನದನ್ನು ಮೆಟ್ಟಿಕೊಂಡು, ಯುಪಿಎಸ್ ಇದ್ದ ಎದುರುಮನೆಗೆ ನಡೆದೇಬಿಟ್ಟರು. ಹತ್ತು ನಿಮಿಷಕ್ಕೆ ವಾಪಸ್ಸು ಬಂದು “ಕಟ್ಲಿಲ್ಲ. ನಾಳೆಗೆ ಇಟ್ಕೊಂಡಿದಾನೆ ಮುಂಡೇದು” ಎಂದು ವರದಿ ಒಪ್ಪಿಸಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪನ ಮೂಲೆಯಿಂದ ಸಣ್ಣ ದನಿ: “ಸಹಿ ಹಾಕಿದ್ನಾ?”

ಆ ಮನೆಯವರಿಗೆ ಒಳ್ಳೆಯದರ ರುಚಿ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಅದಕ್ಕೂ ಎಷ್ಟೋ ವರ್ಷ ಮೊದಲು, ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಸಿನಿಮಾ ಹಾಕುತ್ತಿದ್ದ ಕಾಲದಲ್ಲಿ, ‘ಘಟಶ್ರಾದ್ಧ’ವನ್ನು ಇದೇ ನಡುಮನೆಯಲ್ಲಿ ನೋಡಿದ್ದೆವು. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ, ಸ್ವರ್ಣಕಮಲ ಪಡೆದ ಚಿತ್ರ. ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ದೊಡ್ಡಮ್ಮ ಎದ್ದು, ಒಬ್ಬರೂ ಕೇಳದಿದ್ದರೂ, ಕಾಫಿಗೆ ನೀರಿಟ್ಟರು. ಒಳ್ಳೆಯ ಸಿನಿಮಾ ಒಬ್ಬೊಬ್ಬರನ್ನೇ ಒಂದೊಂದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಕೆಟ್ಟದ್ದು ಎಲ್ಲರನ್ನೂ ಜಗಲಿಗೆ ಎಳೆದು ತಂದು ಕೂರಿಸುತ್ತದೆ, ಜಗಲಿಯಲ್ಲಿ ಕೂತವರಿಗೆಲ್ಲ ಬಾಯಿ ಉಂಟು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ದೊಡ್ಡಮ್ಮನ ಮಗ ಆ ಅರ್ಧ ಗಂಟೆ ಮನೆಗೆಲ್ಲ ಮಹಾ ವಿಮರ್ಶಕ. ಅತ್ತೆ ಬಾಯಿ ತೆರೆಯುವ ಮುಂಚೆ ಅವಳ ಡೈಲಾಗನ್ನು ಇವನು ಹೇಳಿ ಮುಗಿಸಿರುತ್ತಿದ್ದ. ಬರೆದವನಿಗಿಂತ ತಾನು ಜಾಣ ಎಂಬ ಸುಖ ಅವನಿಗೆ ಬೇರೆ ಯಾವ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ.

ಇದು ನಮ್ಮ ಮನೆಯದೇ ಚಾಳಿ ಎಂದುಕೊಂಡಿದ್ದೆ, ಎಡ್ ವುಡ್ ಎಂಬ ಅಮೆರಿಕದ ನಿರ್ದೇಶಕನ ಕಥೆ ಓದುವ ತನಕ. ಡ್ರಾಕುಲಾ ಪಾತ್ರದಿಂದ ಹೆಸರಾದ ಬೇಲಾ ಲುಗೋಸಿ 1956ರಲ್ಲಿ ತೀರಿಕೊಂಡಾಗ ವುಡ್ ಬಳಿ ಆತನನ್ನು ತೆಗೆದ ಒಂದಿಷ್ಟು ತುಣುಕು ಮಾತ್ರ ಇತ್ತು. ಬಿಸಾಡಲು ಮನಸ್ಸಿಲ್ಲ. ಹೆಂಡತಿಯ ಬೆನ್ನೆಲುಬು ನೀವಲು ಬರುತ್ತಿದ್ದ ವೈದ್ಯನನ್ನು ಹಿಡಿದು ತಂದ. ಆತ ಲುಗೋಸಿಗಿಂತ ಉದ್ದ, ಹೋಲಿಕೆ ಅಷ್ಟಕ್ಕಷ್ಟೆ. ಕಪ್ಪು ಮೇಲಂಗಿ ಹೊದಿಸಿ, ಅದರ ಅಂಚಿನಿಂದ ಮುಖ ಮುಚ್ಚಿಕೊಂಡು ಓಡಾಡು ಎಂದು ಹೇಳಿ ಉಳಿದದ್ದನ್ನು ಮುಗಿಸಿದ. ಅದೇ ‘ಪ್ಲಾನ್ 9 ಫ್ರಂ ಔಟರ್ ಸ್ಪೇಸ್’. 1980ರಲ್ಲಿ ಬಂದ ಒಂದು ಪುಸ್ತಕ ಅದಕ್ಕೆ ಸಾರ್ವಕಾಲಿಕ ಕೆಟ್ಟ ಚಿತ್ರದ ಪಟ್ಟ ಕಟ್ಟಿತು, ಜನ ಹುಡುಕಿಕೊಂಡು ಹೋಗಿ ನೋಡಿದರು. ವುಡ್ ಅದಕ್ಕೆ ಎರಡು ವರ್ಷ ಮೊದಲೇ ಸತ್ತಿದ್ದ. ನಮ್ಮ ಧಾರಾವಾಹಿಯ ಗಂಡನೂ ಒಂದು ಸೋಮವಾರ ಬೇರೆ ಮುಖ ಹೊತ್ತು ಬಂದಿದ್ದ. ಕೆಳಗೆ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಒಂದು ಸಾಲು, ಅಷ್ಟೆ. “ಕಟ್ಕೊಂಡೋಳಿಗಾದ್ರೂ ಗೊತ್ತಾಗ್ಬೇಡ್ವೇನೋ!” ಎಂದು ದೊಡ್ಡಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದರು. ವುಡ್‌ಗೆ ಮುಖ ಮುಚ್ಚಿಸುವಷ್ಟು ದಾಕ್ಷಿಣ್ಯವಾದರೂ ಇತ್ತು.

2003ರ ‘ದಿ ರೂಮ್’ ಎಂಬ ಇನ್ನೊಂದು ಚಿತ್ರದಲ್ಲಿ ನಾಯಕನ ಮನೆಯ ಮೇಜಿನ ಮೇಲೆ, ಯಾವ ಕಾರಣಕ್ಕೋ, ಕಟ್ಟು ಹಾಕಿಸಿದ ಚಮಚದ ಚಿತ್ರವಿದೆ. ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ ಅದು ಕಂಡಾಗಲೆಲ್ಲ ಜನ ಪರದೆಯತ್ತ ಪ್ಲಾಸ್ಟಿಕ್ ಚಮಚ ತೂರುತ್ತಾರಂತೆ. ನನ್ನ ಗುಡುಗಿನ ಬೇಳೆಗೆ ದೂರದ ದಾಯಾದಿ ಸಿಕ್ಕ ಹಾಗಾಯಿತು.

ದೊಡ್ಡಮ್ಮನ ಈ ಕಸುಬಿನ ಮೂಲ ಅವರ ತವರಿನಲ್ಲಿದೆ ಎಂದು ನನ್ನ ಗುಮಾನಿ. ಮಂಡ್ಯದ ಕಡೆಯ ಹಳ್ಳಿ. ಸುಗ್ಗಿ ಮುಗಿದ ಮೇಲೆ ಅಲ್ಲಿ ಕುರುಕ್ಷೇತ್ರ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾರ್ಟು ಬೇಕಾದವರು ದುಡ್ಡು ಕೊಟ್ಟು ಹಿಡಿಯಬೇಕು, ಕೃಷ್ಣ ದುರ್ಯೋಧನರಿಗೆ ರೇಟು ಜಾಸ್ತಿ. ಬೆಳಗಿನ ಜಾವದ ತನಕ ಕಂಬಳಿ ಹೊದ್ದು ಕೂತ ಊರಿಗೆ ಕಥೆ ಗೊತ್ತಿಲ್ಲದ್ದೇನಲ್ಲ. ಡೇರಿ ಸೆಕ್ರೆಟರಿ ದುರ್ಯೋಧನನಾಗಿ ಕಂದ ಎತ್ತಿದರೆ ಉಸಿರು ಎಲ್ಲಿ ಕೈಕೊಡುತ್ತದೆ, ಭೀಮನ ಮೀಸೆ ಯಾವ ದೃಶ್ಯದಲ್ಲಿ ಕಳಚುತ್ತದೆ, ನೋಡಬೇಕಾದದ್ದು ಅದು. ಉಸಿರು ಕೈಕೊಟ್ಟ ಜಾಗಕ್ಕೇ ಸರಿಯಾಗಿ ‘ಒನ್ಸ್ ಮೋರ್’ ಬೀಳುತ್ತದೆ, ಅವನು ಪಾಪ ಮತ್ತೆ ಎತ್ತುತ್ತಾನೆ. ಬೆಳಿಗ್ಗೆ ಕ್ಯಾನು ಹಿಡಿದು ನಿಂತವರು “ಏನ್ ಪ್ರಭು, ಫ್ಯಾಟ್ ಎಷ್ಟು ಬಂತು?” ಎಂದರೆ ಅವನೂ ನಗಬೇಕು. ಫ್ಯಾಟು ಒಂದು ಪಾಯಿಂಟು ಕಮ್ಮಿ ಬರೆದು ಸೇಡು ತೀರಿಸಿಕೊಳ್ಳುವ ಅನುಕೂಲ ಅವನಿಗಿತ್ತು.

ಗುರುತಿಲ್ಲದವರ ನಗುವಿಗೆ ಈ ಅನುಕೂಲವಿಲ್ಲ. ನ್ಯೂಯಾರ್ಕಿನ ಶ್ರೀಮಂತೆ ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್‌ಗೆ ಶ್ರುತಿಯೂ ದೂರ, ತಾಳವೂ ದೂರ. ವರ್ಷಗಟ್ಟಲೆ ಕರೆದವರ ಮುಂದಷ್ಟೇ ಹಾಡಿದಳು, ನಗು ತಡೆಯಲಾಗದಾಗ ಅವರು ಜೋರಾಗಿ ಚಪ್ಪಾಳೆ ತಟ್ಟಿ ಅದನ್ನು ಮುಚ್ಚುತ್ತಿದ್ದರಂತೆ. 1944ರ ಅಕ್ಟೋಬರ್ 25ರಂದು, ತನ್ನ 76ನೇ ವಯಸ್ಸಿನಲ್ಲಿ, ಕಾರ್ನೆಗಿ ಹಾಲ್‌ನಲ್ಲಿ ಎಲ್ಲರ ಮುಂದೆ ಹಾಡಿದಳು. ಟಿಕೆಟು ವಾರಗಳ ಮೊದಲೇ ಖಾಲಿಯಾಗಿತ್ತು. ಮಾರನೆಯ ದಿನದ ಪತ್ರಿಕೆಗಳು ಏನನ್ನೂ ಮುಚ್ಚಲಿಲ್ಲ. ಒಂದು ತಿಂಗಳಿಗೆ ಆಕೆ ತೀರಿಕೊಂಡಳು.

ಒಮ್ಮೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಧಾರಾವಾಹಿಗೆ ಸಂಭಾಷಣೆ ಬರೆಯುವವರೊಬ್ಬರು ಎದುರು ಸೀಟಿಗೆ ಸಿಕ್ಕರು. ಮದ್ದೂರಿನಲ್ಲಿ ವಡೆ ಹಂಚಿಕೊಂಡ ಸಲಿಗೆಯಲ್ಲಿ ಗುಡುಗಿನ ವಿಷಯ ಎತ್ತಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಸಾರ್, ದಿನಾ ಇಪ್ಪತ್ತೆರಡು ನಿಮಿಷ ತುಂಬಿಸ್ಬೇಕು. ಲೈಟ್ ಹಾಕಿರ್ತಾರೆ, ನಾನಿನ್ನೂ ಸೀನ್ ಬರೀತಾ ಇರ್ತೀನಿ. ಆ ಗುಡುಗು ನಮ್ಮ ಅನ್ನ” ಎಂದರು. ನಾವೆಲ್ಲ ಬೈಕೊಂಡೇ ನೋಡ್ತೀವಿ ಎಂದು ಚಾನೆಲ್ಲಿಗೆ ಗೊತ್ತಿಲ್ಲವೆ ಎಂದು ಕೇಳಿದ್ದಕ್ಕೆ ನಕ್ಕರು. ಟಿಆರ್‌ಪಿ ಅಳೆಯಲು ದೇಶದಲ್ಲಿ 50,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ಕಾರ್ಯಕ್ರಮದ ಧ್ವನಿಯೊಳಗೆ ನಮಗೆ ಕೇಳದ ಒಂದು ಗುರುತು ಬೆರೆತಿರುತ್ತದೆ, ಅದನ್ನು ಹಿಡಿದು ಯಾವ ಚಾನೆಲ್ಲು ಎಂದು ಮೀಟರು ಬರೆದುಕೊಳ್ಳುತ್ತದೆ. “ಅದಕ್ಕೆ ಕಿವಿ ಇದೆ ಸಾರ್. ಆದ್ರೆ ಟಿವಿ ಕಡೆಗೆ ಮಾತ್ರ. ನಿಮ್ಮ ದೊಡ್ಡಮ್ಮ ಏನಂದ್ರು ಅಂತ ಅದಕ್ಕೆ ಕೇಳ್ಸಲ್ಲ.” ಆಮೇಲೆ, ಕೆಂಗೇರಿ ದಾಟುವಾಗ, ತಾವಾಗಿಯೇ ಸೇರಿಸಿದರು: “ಮನೇಲಿ ನನ್ನ ಹೆಂಡ್ತಿನೂ ಬೈಕೊಂಡೇ ನೋಡೋದು.”

ಈಗ ನಾನಿರುವುದು ಬೆಂಗಳೂರಿನ ಒಂದು ಫ್ಲಾಟಿನಲ್ಲಿ. ಜಗತ್ತಿನ ಒಳ್ಳೆಯ ಸಿನಿಮಾಗಳೆಲ್ಲ ಫೋನಿನಲ್ಲೇ ಸಿಗುತ್ತವೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತೇನೆ, ಪಕ್ಕದ ಕೋಣೆಯಲ್ಲಿ ಮಗಳು ತನ್ನದೇನೋ ನೋಡುತ್ತಿರುತ್ತಾಳೆ. ಒಂದೊಂದು ಸಲ ತೀರಾ ಕೆಟ್ಟದ್ದು ಸಿಕ್ಕಿದಾಗ ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ, ಎದುರಿಗೆ ಗೋಡೆ ಇರುತ್ತದೆ.

ಹೋದ ಡಿಸೆಂಬರಿನಲ್ಲಿ ಒಂಟಿಕೊಪ್ಪಲಿಗೆ ಹೋಗಿದ್ದೆ. ದೊಡ್ಡಪ್ಪ ಇಲ್ಲ. ದೊಡ್ಡಮ್ಮನಿಗೆ ನೆಲಕ್ಕೆ ಕೂರಲಾಗುವುದಿಲ್ಲ, ಕುರ್ಚಿಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಅದೇ ಬೇಸಿನ್ನು. ಹಳೆಯ ಧಾರಾವಾಹಿ ಮುಗಿದು ಎಷ್ಟೋ ಕಾಲವಾಗಿದೆ. ಅದೇ ಹೊತ್ತಿಗೆ ಬೇರೆ ಯಾವುದೋ ಬರುತ್ತಿತ್ತು. ಬಂಗಲೆ ಬೇರೆ, ಮೆಟ್ಟಿಲು ಅದೇ ಥರ.

“ಹೇಗಿದೆ ದೊಡ್ಡಮ್ಮ, ಹೊಸದು?”

“ಅದಕ್ಕಿಂತ ದರಿದ್ರ ಕಣೋ” ಎಂದರು, ಮುಖವರಳಿಸಿ. ಬೇಸಿನ್ನನ್ನು ನನ್ನ ಕಡೆ ಸರಿಸಿ, ರಿಮೋಟು ಎತ್ತಿ ಸೌಂಡು ಜಾಸ್ತಿ ಮಾಡಿದರು. “ಕೈ ತೊಳ್ಕೊಂಡು ಬಾ, ಕೂತ್ಕೋ.”