ಅಡುಗೆಯ ಕಟ್ಟೆಗೆ ಕಲ್ಲು ಕೊಡುವ ಊರುಗಳು

ಶಹಾಬಾದಿನ ಗಣಿಗೆ ಇಳಿದವರಿಗೆ ಭೂಮಿಯು ಹಳೆಯ ಹೊತ್ತಗೆಯೊಂದರ ಹಾಳೆಗಳಂತೆ ಪದರು ಪದರಾಗಿ ಒಟ್ಟಿಕೊಂಡಿರುವುದು ಕಾಣುತ್ತದೆ. ಮುಂಬಯಿ–ಚೆನ್ನೈ ರೈಲುದಾರಿಯ ಮೇಲಿರುವ, ಕಲಬುರಗಿ ಜಿಲ್ಲೆಯ ಈ ಊರಿನ ಹೆಸರನ್ನು ನಾಡಿನ ಅದೆಷ್ಟೋ ಮನೆಗಳ ನೆಲವು ಹೊತ್ತಿದೆ. ಯುಗಗಳ ಹಿಂದೆ ಇಲ್ಲಿ ಹರಡಿದ್ದ ಕಡಲಿನ ತಳದಲ್ಲಿ ಕೂಡಿದ ಸುಣ್ಣದ ಕೆಸರೇ ಕಾಲಕ್ರಮದಲ್ಲಿ ಗಟ್ಟಿಗೊಂಡು ಕಲ್ಲಾಯಿತು. ಪದರದ ಅಂಚಿಗೆ ಉಳಿಯಿಟ್ಟು ಸುತ್ತಿಗೆಯಿಂದ ಬಡಿದರೆ ಹಾಸುಗಲ್ಲು ಸಲೀಸಾಗಿ ಎದ್ದುಬರುತ್ತದೆ. ನೆರೆಯ ವಾಡಿಯಲ್ಲಿ ಸಿಮೆಂಟಿನ ಕಾರ್ಖಾನೆ ತಲೆಯೆತ್ತಿದ್ದೂ ಈ ಸುಣ್ಣದ ಕಲ್ಲಿನ ಬಲದಿಂದಲೇ.

ನೆಲದ ಮೇಲಿದ್ದ ಒಲೆಯು ಸೊಂಟದೆತ್ತರದ ಕಟ್ಟೆಯನ್ನೇರಿ, ಗೃಹಿಣಿಯು ನಿಂತು ಅಡುಗೆ ಮಾಡುವ ಪದ್ಧತಿ ನಗರಗಳಲ್ಲಿ ರೂಢಿಗೆ ಬಂದಾಗ, ಅನೇಕ ಮನೆಗಳಿಗೆ ಒದಗಿದ್ದು ಇಂಥ ಕಲ್ಲುಗಳೇ: ಶಹಾಬಾದಿನ ಬೂದು ಚಪ್ಪಡಿ, ಇಲ್ಲವೆ ಆಂಧ್ರದ ಕಡಪಾ ಕಪ್ಪು ಚಪ್ಪಡಿ. ಎರಡೂ ಸುಣ್ಣದ ಕುಲದವು, ಅಗ್ಗವಾದುವು. ಆದರೆ ಕನ್ನಡಿಗರ ಅಡುಗೆ ಹುಳಿಯಿಲ್ಲದೆ ಸಾಗದು. ಹುಣಸೆಯ ರಸವಾಗಲಿ ನಿಂಬೆಯ ಹನಿಯಾಗಲಿ ಸುಣ್ಣದ ಕಲ್ಲಿನ ಮೇಲೆ ಬಿದ್ದರೆ ಕಲ್ಲಿನ ಮೈಯನ್ನೇ ತಿನ್ನುತ್ತದೆ. ಅಲ್ಲಿ ಉಳಿಯುವ ಮಂಕಾದ ಗುರುತು ಕೊಳೆಯಲ್ಲ, ಗಾಯ. ಎಷ್ಟು ಉಜ್ಜಿದರೂ ಹೋಗದು. ಸಿರಿವಂತರು ಮೆಚ್ಚುವ ಅಮೃತಶಿಲೆಗೂ ಇದೇ ಗತಿ.

ಅಲ್ಲಿಂದ ನೈಋತ್ಯಕ್ಕೆ ಸಾಗಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲನ್ನು ತಲುಪಿದರೆ ಕಲ್ಲಿನ ಕುಲವೇ ಬದಲಾಗುತ್ತದೆ. ಇಳಕಲ್ಲೆಂದೊಡನೆ ಹೆಣ್ಣುಮಕ್ಕಳಿಗೆ ನೆನಪಾಗುವುದು ಸೀರೆಯ ಕೆಂಪು ಸೆರಗು. ಶಿಲೆಯ ವ್ಯಾಪಾರಿಗೆ ನೆನಪಾಗುವುದೂ ಕೆಂಪೇ. ಇಲ್ಲಿಯ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗಿದೆ. ಗ್ರಾನೈಟ್ ಕಡಲ ತಳದ ಕೆಸರಲ್ಲ. ಭೂಗರ್ಭದಲ್ಲಿ ಕರಗಿದ್ದ ಶಿಲಾರಸವು ಬಲು ನಿಧಾನವಾಗಿ ತಣಿದು ಹರಳುಗಟ್ಟಿದ್ದು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣಕಲ್ಲಿನ ಖನಿಜ 3ರಲ್ಲಿ ನಿಂತರೆ, ಗ್ರಾನೈಟಿನ ಫೆಲ್ಡ್‌ಸ್ಪಾರ್ 6ರಲ್ಲೂ ಬೆಣಚು 7ರಲ್ಲೂ ನಿಲ್ಲುತ್ತವೆ. ಅಡುಗೆಮನೆಯ ಚೂರಿಯಾಗಲಿ ನಿಂಬೆಯ ಹುಳಿಯಾಗಲಿ ಅದನ್ನು ಸುಲಭವಾಗಿ ಮಣಿಸಲಾರದು.

ಗ್ರಾನೈಟಿನ ಬಾಳಿಕೆಗೆ ಸಾಕ್ಷಿ ಬೇಕೆಂದರೆ ದಕ್ಷಿಣಕ್ಕೆ, ಶ್ರವಣಬೆಳಗೊಳಕ್ಕೆ ಹೋಗಬೇಕು. ಕ್ರಿ.ಶ. 981ರ ಸುಮಾರಿಗೆ ಬೆಟ್ಟದ ಬಂಡೆಯಲ್ಲೇ ಕಡೆದ, ಸುಮಾರು 58 ಅಡಿ ಎತ್ತರದ ಗೊಮ್ಮಟನು ಬಿಸಿಲು ಮಳೆಗಳಲ್ಲಿ ಸಾವಿರ ವರ್ಷ ನಿಂತಿದ್ದಾನೆ. 2018ರ ಮಹಾಮಸ್ತಕಾಭಿಷೇಕದಲ್ಲಿಯೂ ಹಾಲು, ಕಬ್ಬಿನ ರಸ, ಅರಿಶಿನಗಳು ಆ ಮೈಮೇಲೆ ಧಾರೆಯಾಗಿ ಹರಿದುವು. ಮುಖದ ಮಂದಹಾಸ ಇಂದಿಗೂ ಮಾಸಿಲ್ಲ. ಆದರೂ ಒಂದು ಮಾತನ್ನು ಮರೆಯಲಾಗದು. ಹರಳುಗಳ ನಡುವಣ ಸೂಕ್ಷ್ಮ ಸಂದುಗಳಲ್ಲಿ ಗ್ರಾನೈಟ್ ಒಂದಿಷ್ಟು ನೀರು, ಎಣ್ಣೆಗಳನ್ನು ಹೀರಬಲ್ಲದು. ಆದುದರಿಂದ ತಿಳಿಬಣ್ಣದ ಕಲ್ಲಿನ ಮೇಲೆ ಚೆಲ್ಲಿದ ಅರಿಶಿನದೆಣ್ಣೆಯನ್ನು ಕೂಡಲೆ ಒರೆಸುವುದು ಲೇಸು.

ಇನ್ನೂ ದಕ್ಷಿಣದ ಚಾಮರಾಜನಗರ ಜಿಲ್ಲೆಯಲ್ಲಿ ದೊರೆಯುವ ಕರಿಗಲ್ಲನ್ನು ಪೇಟೆಯಲ್ಲಿ ಕಪ್ಪು ಗ್ರಾನೈಟ್ ಎಂದೇ ಕರೆಯುತ್ತಾರೆ. ಭೂವಿಜ್ಞಾನಿಯ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಹಳೆಯ ಬಂಡೆಗಳ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ತಣಿದಾಗ ಗೋಡೆಯೆಬ್ಬಿಸಿದಂತೆ ಇದು ನಿಂತಿತು. ಕಣಗಳು ಸಣ್ಣವು, ಹೆಣಿಗೆ ಬಿಗಿ. ಆದುದರಿಂದ ನೀರನ್ನು ಹೀರುವುದು ಬಲು ಕಡಿಮೆ, ಹುಳಿಗೂ ಬಿಸಿಪಾತ್ರೆಗೂ ಅಂಜಿಕೆಯಿಲ್ಲ. ದಿನವೂ ಸಾರು, ಹುಳಿ, ಒಗ್ಗರಣೆಗಳು ನಡೆಯುವ ಮನೆಗೆ ಇದಕ್ಕಿಂತ ಒಪ್ಪುವ ಶಿಲೆಯನ್ನು ಹುಡುಕುವುದು ಕಷ್ಟ.

ಗಣಿಯಿಂದ ಹೊರಟ ಕಲ್ಲಿಗೂ ಬೆಂಗಳೂರಿನ ಅಡುಗೆಮನೆಗೂ ನಡುವೆ ಜಿಗಣಿಯಂಥ ಊರುಗಳಿವೆ. ಆನೇಕಲ್ ತಾಲ್ಲೂಕಿನ ಈ ಕೈಗಾರಿಕಾ ಪ್ರದೇಶದಲ್ಲಿ ಆನೆಗಾತ್ರದ ದಿಮ್ಮಿಗಳನ್ನು ಗರಗಸಗಳು ಚಪ್ಪಡಿಗಳಾಗಿ ಸೀಳುತ್ತವೆ. ಅಲಗು ಕಾಯದಂತೆ, ಧೂಳು ಏಳದಂತೆ ನೀರು ಹರಿಯುತ್ತಿರಬೇಕು. ಈ ನೀರಿಗೆ ಎಷ್ಟು ಬೆಲೆಯೆಂಬುದನ್ನು ಕೊಳ್ಳುವವರು ಅಷ್ಟಾಗಿ ಯೋಚಿಸಿರುವುದಿಲ್ಲ. ಬೆಣಚಿನ ನುಣುಪು ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದಲ್ಲಿ ಕಲೆಗಟ್ಟಿ ಸಿಲಿಕೋಸಿಸ್ ಎಂಬ ರೋಗವಾಗುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಮದ್ದು ಇಲ್ಲ.

ಬೆಣಚಿನ ಪುಡಿಯನ್ನು ಅಂಟಿನಲ್ಲಿ ಕಲೆಸಿ ಒತ್ತಿ ತಯಾರಿಸಿದ ಕ್ವಾರ್ಟ್ಜ್ ಚಪ್ಪಡಿಗಳು ಈಚೆಗೆ ಬಹಳ ಬಳಕೆಗೆ ಬಂದಿವೆ. ಅವು ಕಲೆ ಹಿಡಿಯುವುದು ಅಪರೂಪ, ಬಣ್ಣಗಳೂ ಬಗೆಬಗೆ. ಆದರೆ ಒಲೆಯಿಂದಿಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೆ ಅಂಟು ಬೆಂದು ಗುರುತುಳಿಯಬಹುದು. ಅದಕ್ಕಿಂತ ದೊಡ್ಡ ಮಾತು, ಇಂಥ ಅನೇಕ ಚಪ್ಪಡಿಗಳಲ್ಲಿ ಬೆಣಚು ನೂರಕ್ಕೆ 90ರಷ್ಟಿರುತ್ತದೆ. ಅವನ್ನು ಕೊಯ್ಯುವ ಎಳೆವಯಸ್ಸಿನ ಕಾರ್ಮಿಕರೂ ರೋಗಕ್ಕೆ ತುತ್ತಾದುದನ್ನು ಕಂಡು ಆಸ್ಟ್ರೇಲಿಯವು 2024ರ ಜುಲೈ 1ರಿಂದ ಅವುಗಳ ಬಳಕೆಯನ್ನೇ ನಿಷೇಧಿಸಿತು. ಗ್ರಾನೈಟಿನಲ್ಲಿ ಬೆಣಚು ಇದಕ್ಕಿಂತ ಎಷ್ಟೋ ಕಡಿಮೆ. ಚಾಮರಾಜನಗರದ ಕರಿಗಲ್ಲಿನಲ್ಲಂತೂ ಅತ್ಯಲ್ಪ. ಆದರೂ ಯಾವ ಕಲ್ಲಿನ ಧೂಳೂ ಹಿತಕರವಲ್ಲ.

ಆದುದರಿಂದ ಕಲ್ಲನ್ನು ಆರಿಸುವಾಗ ಹೊಳಪಿಗೆ ಮರುಳಾಗದೆ ಅಂಗಡಿಯವರಿಂದ ಒಂದು ತುಣುಕನ್ನು ಕೇಳಿ ಪಡೆಯುವುದು ಜಾಣತನ. ಅದರ ಮೇಲೆ ನಿಂಬೆಯ ರಸ ಹನಿಸಿ ಕಾಲುಗಂಟೆಯ ಬಳಿಕ ಒರೆಸಿದಾಗ ಮಂಕು ಬಿದ್ದಿದ್ದರೆ ಅದು ಸುಣ್ಣದ ಕಲ್ಲು. ನೀರಿನ ಹನಿಯ ಕೆಳಗೆ ಬಣ್ಣ ಗಾಢವಾದರೆ ಅದು ಹೀರುವ ಕಲ್ಲು. ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಗೆ ಕಪ್ಪು ಹತ್ತಿದರೆ ಆ ಕಪ್ಪು ಬಳಿದದ್ದು. ಕಲ್ಲು ಮನೆಗೆ ಬರುವ ಮುನ್ನ ಇನ್ನೊಂದು ಕೆಲಸವುಂಟು. ಒಲೆಗೂ ಪಾತ್ರೆ ತೊಳೆಯುವ ತೊಟ್ಟಿಗೂ ಬೇಕಾದ ರಂಧ್ರಗಳ ಅಳತೆಯನ್ನು ಮೊದಲೇ ಕೊಟ್ಟು ಕಾರ್ಖಾನೆಯಲ್ಲೇ ನೀರು ಹರಿಸಿ ಕೊಯ್ಯಿಸಬೇಕು. ಮನೆಯಲ್ಲಿಯೇ ಕೊಯ್ಯಬೇಕಾಗಿ ಬಂದರೆ ಬಯಲಿನಲ್ಲಿ, ಅಲಗಿಗೆ ನೀರು ಬೀಳುತ್ತಿರುವಂತೆ, ಕೆಲಸಗಾರನ ಮುಖಕ್ಕೆ ತಕ್ಕ ಮುಸುಕು ಇರುವಂತೆ ನೋಡಿಕೊಳ್ಳಬೇಕು. ಅದಕ್ಕೆ ತಗಲುವ ಹೆಚ್ಚಿನ ಕೂಲಿಯನ್ನು ಕಲ್ಲಿನ ಬೆಲೆಯೊಳಗೇ ಎಣಿಸಿಕೊಳ್ಳುವುದು ನ್ಯಾಯ.