ಶಬರಿಕೊಳ್ಳದ ನೀರು, ಕವರತ್ತಿಯ ನೀರು

ರಾಮದುರ್ಗದಿಂದ ಸುರೇಬಾನದ ದಾರಿ ಹಿಡಿದವನ ಕಣ್ಣಿಗೆ ಬೀಳುವುದು ಎರೆಯ ಹೊಲ, ಜೋಳದ ದಂಟು, ಬೋಳುಗುಡ್ಡ. ಸಮುದ್ರದ ನೆನಪಾಗಲು ಇಲ್ಲಿ ಕಾರಣವೇ ಇಲ್ಲ. ಊರಿನ ಸಮೀಪದಲ್ಲಿಯೇ ಶಬರಿಕೊಳ್ಳವುಂಟು. ಶ್ರೀರಾಮನಿಗಾಗಿ ಶಬರಿ ಕಾದು ಕುಳಿತ ತಾಣ ಇದೆಂದು ಜನರ ನಂಬಿಕೆ. ಬಿಸಿಲಿನಲ್ಲಿ ನಡೆದು ಬಂದವನಿಗೆ ಅಲ್ಲಿಯ ಹೊಂಡದ ಒಂದು ಬೊಗಸೆ ನೀರೇ ಪ್ರಸಾದ. “ಈ ನೀರು ಎಲ್ಲಿಂದ ಬರುತ್ತದೆ, ಅಜ್ಜಾರೆ?” ಎಂದು ಅಲ್ಲಿದ್ದ ಮುದುಕರೊಬ್ಬರನ್ನು ಕೇಳಿದೆ. “ಮ್ಯಾಲಿಂದರೀ ಮಾಸ್ತರ, ಮತ್ತೆಲ್ಲಿಂದ?” ಎಂದು ಅವರು ಮುಗಿಲಿನ ಕಡೆಗೆ ಕೈಮಾಡಿದರು.

ಆ ಮಾತು ದಿಟವಾದುದು. ಅರಬ್ಬೀ ಸಮುದ್ರದ ನೀರು ಕುದಿಯದೆಯೇ, ಬರಿಯ ಬಿಸಿಲ ಕಾವಿಗೆ ಆವಿಯಾಗಿ ಏಳುತ್ತದೆ. ಉಪ್ಪು ಕಡಲಲ್ಲಿಯೇ ಉಳಿಯುತ್ತದೆ. ಆ ಆವಿ ಸಹ್ಯಾದ್ರಿಯನ್ನೇರಿ ತಣಿದು ಮಳೆಯಾಗುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ರಾಮದುರ್ಗದ ಸೀಮೆಗೆ ಬರುವ ಮಲಪ್ರಭೆಯೂ ಹೀಗೆ ಸಿಹಿಯಾದ ಕಡಲೇ ಆಗಿದೆ.

ಅದೇ ಕಡಲಿನ ನಡುವೆ ಲಕ್ಷದ್ವೀಪಗಳಿವೆ. ಅವುಗಳಲ್ಲಿ ಉತ್ತರದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿ ನದಿಯಿಲ್ಲ, ಮಲೆಯಿಲ್ಲ. ಹವಳದ ಮಳಲಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಂತಿರುತ್ತದೆ. ಹೆಚ್ಚು ಸೇದಿದರೆ ಬಾವಿಯೇ ಉಪ್ಪಾಗುತ್ತದೆ.

ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕವರತ್ತಿ ದ್ವೀಪದಲ್ಲಿ ಪ್ರಕೃತಿಯ ಈ ಕೆಲಸವನ್ನೇ ಯಂತ್ರಕ್ಕೆ ಕಲಿಸಿದರು. ಎತ್ತರದ ಗಿರಿಗಳಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಬೇಗನೆ ಕುದಿಯುವುದನ್ನು ವಾಚಕರು ಬಲ್ಲರು. ಇಲ್ಲಿ ಒಂದು ಕೋಣೆಯೊಳಗಿನ ಒತ್ತಡವನ್ನು ಹೊರಗಿನದರ ನಲವತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿಸುತ್ತಾರೆ. ಆಗ 28 ಡಿಗ್ರಿಯ ಕಡಲನೀರು ಬೆಂಕಿಯ ಹಂಗಿಲ್ಲದೆ ಆವಿಯಾಗುತ್ತದೆ. ಅದನ್ನು ತಣಿಸಲು ಸಹ್ಯಾದ್ರಿ ಇಲ್ಲವಲ್ಲ! ಅದರ ಬದಲಿಗೆ ಸುಮಾರು 350 ಮೀಟರು ಆಳದಿಂದ, 12-13 ಡಿಗ್ರಿಯ ತಣ್ಣೀರನ್ನು ಕೊಳವೆಯಲ್ಲಿ ಮೇಲೆತ್ತುತ್ತಾರೆ. ದಿನಕ್ಕೆ 1 ಲಕ್ಷ ಲೀಟರು ಸಿಹಿನೀರು ಕೊಡುವಂತೆ ಈ ಸ್ಥಾವರವನ್ನು ಕಟ್ಟಲಾಯಿತು. 2011ರಲ್ಲಿ ಮಿನಿಕಾಯ್, ಅಗತ್ತಿ ದ್ವೀಪಗಳಿಗೂ ಇಂಥವು ಬಂದವು.

ಬೆಂಕಿ ಬೇಡವಾದರೂ ವೆಚ್ಚ ತಪ್ಪದು. ಒಳಹೊಕ್ಕ ನೀರಿನಲ್ಲಿ ಆವಿಯಾಗುವುದು ನೂರಕ್ಕೆ ಸುಮಾರು ಒಂದೇ ಪಾಲು. ಆ ಒಂದು ಕೊಡಕ್ಕಾಗಿ ನೂರಾರು ಕೊಡ ನೀರನ್ನು ಪಂಪು ಎತ್ತಬೇಕು. ಪಂಪಿಗೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ಹಡಗಿನಲ್ಲಿ ಬರುವ ಡೀಸೆಲ್ ಬೇಕು.

ಸೂರ್ಯನೂ ಸಹ್ಯಾದ್ರಿಯೂ ನಮ್ಮಿಂದ ಅಂಥ ಬೆಲೆಯನ್ನು ಕೇಳಿದವರಲ್ಲ. ಅದಕ್ಕೇ ಇರಬೇಕು, ಬಿಟ್ಟಿ ಬಂದ ನೀರಿನ ಲೆಕ್ಕವನ್ನು ನಾವು ಇಟ್ಟವರಲ್ಲ. ಮಲಪ್ರಭೆ 2019ರ ಆಗಸ್ಟಿನಲ್ಲಿ ದಡಮೀರಿ ಈ ಸೀಮೆಯ ಮನೆಗಳಿಗೆ ನುಗ್ಗಿದಳು. ಬೇಸಗೆಯಲ್ಲಿ ಅವಳ ಪಾತ್ರದಲ್ಲಿಯೇ ಮಳಲು ಕಾಣುತ್ತದೆ. ಬಂದಾಗ ಹಿಡಿದಿಡುವ ಕೆರೆ, ಒಡ್ಡು, ಹೊಂಡಗಳೇ ಬಯಲುಸೀಮೆಯ ನಿಜವಾದ ಯಂತ್ರಗಳು. ಕವರತ್ತಿಯ ಒಂದು ಲೋಟ ನೀರಿನ ಬೆಲೆಯನ್ನು ತಿಳಿದವನು ಹಳೆಯ ಹೊಂಡದ ಹೂಳೆತ್ತಲು ಹಿಂಜರಿಯಲಾರನು.