ಟ್ರಂಕಿನೊಳಗಿನ ಖಣಗಳು

ತಂಗಿ ಪಿಯುಸಿ ಮುಗಿಸಿ ಫ್ಯಾಷನ್ ಡಿಸೈನ್ ಓದುತ್ತೇನೆ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. “ಅರಿವಿ ಹೊಲಿಯೋದು ಕಲಿಯಾಕ ಬೆಂಗಳೂರಿಗ್ಯಾಕ ಹೋಗಬೇಕು? ನಿಮ್ಮವ್ವ ಪುಕ್ಕಟೆ ಕಲಸ್ತಾಳ.”

ಅಪ್ಪ ತಮಾಷೆಗೆ ಹೇಳಿದ್ದಲ್ಲ. ಬದಾಮಿ ತಾಲೂಕಿನ ನಮ್ಮೂರಲ್ಲಿ ಅವ್ವ ಇಪ್ಪತ್ತು ವರ್ಷಗಳಿಂದ ಕಾಲಲ್ಲಿ ತುಳಿಯುವ ಮಷೀನಿನ ಮೇಲೆ ಊರ ಹೆಂಗಸರ ಜಂಪರ್ ಹೊಲಿಯುತ್ತಾ ಬಂದಿದ್ದಾಳೆ. ನಾನು ಬಾಗಲಕೋಟೆಯಲ್ಲಿ ಬಿಇ ಓದುವಾಗ ಹಾಸ್ಟೆಲ್ಲಿನ ಮೆಸ್ ಬಿಲ್ಲು ಕಟ್ಟಿದ್ದು ಹೆಚ್ಚೂಕಡಿಮೆ ಆ ಮಷೀನೇ. ಇದೆಲ್ಲ ಗೊತ್ತಿದ್ದೂ ಆವತ್ತು ನಾನು ಅಪ್ಪನ ಕಡೆಗೇ ಇದ್ದೆ. “ಬಿಸಿಎ ಮಾಡು, ನಮ್ಮ ಕಂಪನ್ಯಾಗ ರೆಫರ್ ಮಾಡ್ತೀನಿ” ಅಂದೆ. ಅವ್ವ ಹೊಲಿದ ದುಡ್ಡಲ್ಲಿ ಇಂಜಿನಿಯರ್ ಆದವನಿಗೆ ತಂಗಿ ಹೊಲಿಯುವವಳಾಗುವುದು ಬೇಡವಾಗಿತ್ತು. ಈಗ ಬರೆಯುವಾಗಲೂ ಈ ವಾಕ್ಯ ಅಷ್ಟು ಸಲೀಸಾಗಿ ಬರಲಿಲ್ಲ.

ಅವಳು ಕೇಳಲಿಲ್ಲ. ನಿಫ್ಟ್ ಪರೀಕ್ಷೆ ಬರೆದಳು. 1986ರಲ್ಲಿ ದೆಹಲಿಯಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು, ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲೂ ಅದರ ಕ್ಯಾಂಪಸ್ ಇದೆ. ಲಿಖಿತ ಪರೀಕ್ಷೆ ದಾಟಿದಳು. ಆಮೇಲೆ ಸಿಚುವೇಶನ್ ಟೆಸ್ಟ್ ಅಂತ ಒಂದಿರುತ್ತೆ, ಕೊಟ್ಟ ಸಾಮಾನಿನಿಂದಲೇ ಏನಾದರೂ ಮಾಡಿ ತೋರಿಸಬೇಕು. ಇವಳು ದಾರ, ಕಡ್ಡಿಯಲ್ಲಿ ಪುಟ್ಟ ಮಗ್ಗ ಕಟ್ಟಿಟ್ಟು ಬಂದಳಂತೆ. ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್‌ಸಿ ಫ್ಯಾಷನ್ ಅಂಡ್ ಅಪೇರಲ್ ಡಿಸೈನ್ ಸೇರಿದಳು. ಫೀಸು ನಾನು ಕಟ್ಟುವುದು, ಇರುವುದು ನನ್ನ ರೂಮಿನಲ್ಲಿ. ಆಫೀಸಿನಲ್ಲಿ ಯಾರಾದರೂ ತಂಗಿ ಏನು ಓದ್ತಿದಾಳೆ ಅಂದರೆ “ಬಿಎಸ್‌ಸಿ” ಅಂತಷ್ಟೇ ಹೇಳುತ್ತಿದ್ದೆ. ಸುಳ್ಳೇನಲ್ಲವಲ್ಲ.

ರೂಮಿಗೆ ತಲೆಯಿಲ್ಲದ, ಕೈಯಿಲ್ಲದ ಒಂದು ಡಮ್ಮಿ ಬಂತು. ರಾತ್ರಿ ನೀರು ಕುಡಿಯಲು ಎದ್ದರೆ ಕತ್ತಲಲ್ಲಿ ಅದು ನಿಂತಿರುತ್ತಿತ್ತು, ಮೊದಲ ವಾರ ಎರಡು ಸಲ ಹೆದರಿದೆ. ಡಮ್ಮಿಯ ಮೇಲೆ ಅವಳು ಕೋರಾ ಬಟ್ಟೆ ಸುತ್ತಿ, ಗುಂಡುಪಿನ್ನು ಚುಚ್ಚಿ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಬಿಚ್ಚಿ, ಕಾಗದದ ಮೇಲಿಟ್ಟು ಪ್ಯಾಟರ್ನ್ ತೆಗೆಯುತ್ತಿದ್ದಳು. ನಿಜವಾದ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಬಟ್ಟೆಯಲ್ಲಿ ಒಮ್ಮೆ ಪೂರ್ತಿ ಹೊಲಿದು ನೋಡುವುದಕ್ಕೆ ಟ್ವಾಲ್ ಅನ್ನುತ್ತಾರೆ. ನಾವು ಪ್ರೊಡಕ್ಷನ್‌ಗೆ ಹಾಕುವ ಮೊದಲು ಟೆಸ್ಟ್ ಸರ್ವರಿನಲ್ಲಿ ಓಡಿಸಿ ನೋಡುತ್ತೇವಲ್ಲ, ಹಾಗೆ. ವ್ಯತ್ಯಾಸ ಅಂದರೆ ನಾವು ತಪ್ಪಿದರೆ ಹಳೇ ವರ್ಷನ್ನಿಗೆ ವಾಪಸ್ ಹೋಗಬಹುದು. ಕತ್ತರಿಸಿದ ಬಟ್ಟೆ ವಾಪಸ್ ಕೂಡುವುದಿಲ್ಲ.

ಪ್ಯಾರಿಸ್ಸಿನಲ್ಲಿ ಮದ್‌ಲೆನ್ ವಿಯೊನೆ ಅಂತ ಒಬ್ಬ ಹೆಂಗಸು ಇದ್ದಳಂತೆ. 1920ರ ದಶಕದಲ್ಲಿ ಪುಟ್ಟ ಮರದ ಗೊಂಬೆಯ ಮೇಲೆ ಬಟ್ಟೆ ಸುತ್ತಿ ನೋಡಿ ಆಮೇಲೆ ಆಳಿನ ಅಳತೆಗೆ ದೊಡ್ಡದು ಮಾಡುತ್ತಿದ್ದಳಂತೆ. ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ ಅದು ಮೈಮೇಲೆ ನೀರಿನ ಹಾಗೆ ಇಳಿಯುತ್ತದೆ ಅನ್ನುವುದನ್ನು ಜಗತ್ತಿಗೆ ತೋರಿಸಿಕೊಟ್ಟವಳು. ತಂಗಿ ಇದನ್ನು ಫೋನಿನಲ್ಲಿ ಅವ್ವನಿಗೆ ಹೇಳಿದರೆ ಅವ್ವ, “ಓರೆ ಪಟ್ಟಿ ಕತ್ತರಿಸಿದ್ರ ಕೊಳ್ಳಿಗೆ ಛಂದ ಕೂಡ್ತೈತಿ ಅನ್ನೋದು ನನಗೂ ಗೊತ್ತೈತಿ ಬಿಡು” ಅಂದಳು.

ಕೊನೆಯ ವರ್ಷ ಪ್ರತಿಯೊಬ್ಬರೂ ಆರು ಉಡುಪುಗಳ ಒಂದು ಕಲೆಕ್ಷನ್ ಮಾಡಿ ಫ್ಯಾಷನ್ ಶೋನಲ್ಲಿ ತೋರಿಸಬೇಕು. ಥೀಮ್ ಏನು ಅಂತ ತಂಗಿ ಎರಡು ತಿಂಗಳು ಒದ್ದಾಡಿದಳು. ಕ್ಲಾಸಿನಲ್ಲಿ ಒಬ್ಬಳು ಸಮುದ್ರ, ಇನ್ನೊಬ್ಬಳು ಮಂಗಳ ಗ್ರಹ. ಇವಳು ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಟ್ರಂಕ್ ತೆಗೆದು ಕೂತಳು.

ನಮ್ಮ ಕಡೆಯವರಿಗೆ ಆ ಟ್ರಂಕ್ ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ. ಕುಬಸ ಹೊಲಿಸಿಕೊಳ್ಳುವ ಬಟ್ಟೆ ಅದು, ಅಗಲ ಒಂದು ಗಜಕ್ಕೂ ಕಡಿಮೆ, ಎರಡೂ ಬದಿಗೆ ಅಂಚು, ನಡುವೆ ಒತ್ತೊತ್ತಾಗಿ ಸಣ್ಣ ಸಣ್ಣ ಚಿತ್ತಾರ, ತೇರು ಅಂತ, ಸೂರ್ಯನಾರಾಯಣ ಅಂತ. ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬಿನ ಜೊತೆ ಖಣ ಇಡಬೇಕು. ಬನಶಂಕರಿ ಅಮ್ಮನಿಗೂ ಖಣವೇ. ಆದರೆ ಸೀರೆಯ ಜೊತೆಗೇ ಜಂಪರ್ ಪೀಸ್ ಬರಲು ಶುರುವಾದಮೇಲೆ ಖಣ ಹೊಲಿಸುವವರು ಕಡಿಮೆಯಾದರು. ಬಂದ ಖಣ ಟ್ರಂಕಿಗೆ ಹೋಗುತ್ತದೆ, ಇನ್ನೊಬ್ಬರ ಮನೆ ಕಾರ್ಯಕ್ಕೆ ಅಲ್ಲಿಂದಲೇ ಎದ್ದು ಹೋಗುತ್ತದೆ. ಒಂದೇ ಖಣ ಊರೆಲ್ಲ ಸುತ್ತಿ ಮೂರು ವರ್ಷದ ಮೇಲೆ ಕೊಟ್ಟವರ ಮನೆಗೇ ವಾಪಸ್ ಬಂದದ್ದೂ ಉಂಟು. ಜಂಪರ್ ಹೊಲಿಯುವ ನಮ್ಮವ್ವನ ಟ್ರಂಕಿನಲ್ಲೇ ಹೊಲಿಯದ ಖಣ ನಲವತ್ತಕ್ಕೂ ಹೆಚ್ಚಿದ್ದವು, ತ್ರಿಕೋನವಾಗಿ ಮಡಚಿದ್ದು ಮಡಚಿದ ಹಾಗೇ.

“ಅವ್ವಾ, ಇವನ್ನ ಕೊಡು. ಇದ್ರಾಗ ಅರಿವಿ ಮಾಡ್ತೀನಿ.”

ಅವ್ವ ಬಹಳ ಹೊತ್ತು ಯೋಚಿಸಿದಳು. ಕೊನೆಗೆ, “ಒಯ್ಯಿ. ಆದ್ರ ಮ್ಯಾಲ ಹಾಕ್ಕೊಳ್ಳೋದು ಮಾಡು. ಸೊಂಟದ ಕೆಳಗ ಬ್ಯಾಡ. ಉಡಿ ತುಂಬಿದ್ದೈತಿ ಅದು” ಅಂದಳು. ತಂಗಿ ಹೂಂ ಅಂದಳು. ನಾನೂ ಅಲ್ಲೇ ಕೂತಿದ್ದೆ.

ಖಣದಲ್ಲಿ ಕೆಲಸ ಮಾಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಕುಬಸಕ್ಕೆ ಅಂತಲೇ ನೇಯ್ದದ್ದು, ತೋಳಿಗೆ ಅಂಚು ಬರುವ ಹಾಗೆ. ಒಂದು ಉದ್ದ ಕೋಟಿಗೆ ಐದಾರು ಖಣ ಕೂಡಿಸಬೇಕು, ಕೂಡಿಸಿದ ಕಡೆಯೆಲ್ಲ ಅಂಚು ಬಂದು ನಿಲ್ಲುತ್ತದೆ. ಮೊದಲು ಅಂಚನ್ನು ಒಳಗೆ ಮುಚ್ಚಿ ಹೊಲಿದಳು, ದಪ್ಪವಾಗಿ ಕೆಟ್ಟದಾಗಿ ಕಂಡಿತು. ಆಮೇಲೆ ಮುಚ್ಚುವುದನ್ನೇ ಬಿಟ್ಟು ಅಂಚನ್ನೇ ಗೆರೆಯಾಗಿ ಬಳಸಿದಳು. ಒಂದು ಭಾನುವಾರ ಇಬ್ಬರೂ ಗುಳೇದಗುಡ್ಡಕ್ಕೂ ಹೋಗಿಬಂದೆವು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ ಹಿರಿಯರೊಬ್ಬರು ಲಾಳಿ ನಿಲ್ಲಿಸದೇ ಇವಳ ಸ್ಕೆಚ್ ನೋಡಿದರು. “ಏನರ ಹೊಲಿ ತಂಗಿ, ಪ್ಯಾಂಟರ ಹೊಲಿ, ಚೀಲರ ಹೊಲಿ. ಪೆಟಿಗ್ಯಾಗ ಇಡಬ್ಯಾಡ್ರಿ ಅಷ್ಟ.” ಪ್ಯಾಂಟ್ ಅನ್ನುವ ಮಾತು ಮೊದಲು ಬಂದದ್ದು ಅವರ ಬಾಯಿಂದಲೇ ಅಂತ ತಂಗಿ ಈಗಲೂ ವಾದಿಸುತ್ತಾಳೆ.

ಫೆಬ್ರವರಿಯಲ್ಲಿ ಡಮ್ಮಿಯ ಪಕ್ಕ ಪ್ಯಾಂಟು ನೇತಾಡುತ್ತಿತ್ತು. ಖಣದ ಉದ್ದ ಪೂರ್ತಿ ಕಾಲಿಗೆ ಸಾಲದು, ಆದ್ದರಿಂದ ಮಂಡಿಯ ಹತ್ತಿರ ಎರಡು ಖಣ ಕೂಡಿ ಅಲ್ಲಿ ಅಂಚು ಅಡ್ಡ ಹಾಯ್ದಿತ್ತು. ಚೆಂದವಿತ್ತು, ಸುಳ್ಳು ಹೇಳಬಾರದು. “ಅವ್ವಗ ಏನ್ ಹೇಳ್ತೀ?” ಅಂದೆ. “ನೀ ಹೇಳಬ್ಯಾಡಣ್ಣ” ಅಂದಳು. ಅಂಗಡಿಯಿಂದ ಬೇರೆ ಖಣ ತಂದು ಹೊಲಿ, ದುಡ್ಡು ನಾನು ಕೊಡ್ತೀನಿ ಅಂದೆ. ಅದಕ್ಕೆ ಅವಳು, “ಆರರಾಗ ಐದು ಅವ್ವನ ಖಣ, ಒಂದು ಅಂಗಡೀದು ಅಂದ್ರ ಅದು ಯಾರ ಟ್ರಂಕು?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಶೋಗೆ ಅಪ್ಪ ಅವ್ವ ಇಬ್ಬರಿಗೂ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಟಿಕೆಟ್ ಆಗಲೇ ಬುಕ್ ಮಾಡಿದ್ದೆ.

ಫ್ಯಾಷನ್ ಶೋ ಅಂದರೆ ನನ್ನ ತಲೆಯಲ್ಲಿದ್ದದ್ದು ಟೀವಿಯಲ್ಲಿ ಚಾನೆಲ್ ಬದಲಿಸುವಾಗ ಕಂಡದ್ದಷ್ಟೇ. ಅವತ್ತು ಬೆಳಗ್ಗೆ ಹತ್ತಕ್ಕೆ ಇಸ್ತ್ರಿ ಪೆಟ್ಟಿಗೆ ಹಿಡಿದು ಪರದೆಯ ಹಿಂದೆ ನಿಂತಾಗ ಗೊತ್ತಾಯಿತು, ಅದೊಂದು ಮದುವೆ ಮನೆಯ ಅಡುಗೆ ಕೋಣೆ. ಹದಿನೈದು ಜನ ಹುಡುಗಿಯರು, ಪ್ರತಿಯೊಬ್ಬಳಿಗೂ ಆರು ಉಡುಪು, ದುಡ್ಡು ಕೂಡಿಸಿ ಕರೆಸಿದ ಮಾಡೆಲ್‌ಗಳು ಮಾತ್ರ ಬೆರಳೆಣಿಕೆ. ಒಬ್ಬಳ ಉಡುಪಿನಲ್ಲಿ ನಡೆದು ಬಂದ ಮಾಡೆಲ್ ಎರಡು ಮೂರು ನಿಮಿಷದಲ್ಲಿ ಇನ್ನೊಬ್ಬಳ ಉಡುಪಿನಲ್ಲಿ ಹೊರಡಬೇಕು. ಯಾರು, ಯಾವಾಗ, ಯಾವುದು ಅಂತ ಗೋಡೆಗೆ ದೊಡ್ಡ ಪಟ್ಟಿ ಅಂಟಿಸಿದ್ದರು. ಎರವಲು ತಂದ ಚಪ್ಪಲಿಗಳು ಸವೆಯದಿರಲಿ ಅಂತ ಅಡಿಗೆಲ್ಲ ಟೇಪು. ನನಗೆ ವಹಿಸಿದ ಕೆಲಸ, ಖಣದ ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡುವುದು. ನೇರ ಇಟ್ಟರೆ ಎಳೆ ಹೊಳಪು ಹೊಡೆಯುತ್ತದೆ.

ನಾಲ್ಕು ಗಂಟೆಗೆ ಒಬ್ಬ ಮಾಡೆಲ್ ಬರುವುದಿಲ್ಲ ಅಂತ ಫೋನ್ ಬಂತು. ಪ್ಯಾಂಟು ಹಾಕಬೇಕಿದ್ದವಳು ಅವಳೇ. ಬದಲಿಗೆ ಜೂನಿಯರ್ ಹುಡುಗಿಯೊಬ್ಬಳು ಸಿಕ್ಕಳು, ಎತ್ತರ ಸರಿ, ಆದರೆ ಸೊಂಟದಲ್ಲಿ ಗುಂಡಿ ಹಾಕಲು ಆಗಲಿಲ್ಲ. ಖಣ ಹಿಗ್ಗುವ ಬಟ್ಟೆಯಲ್ಲ. ತಂಗಿ ನೆಲದ ಮೇಲೆ ಕೂತುಬಿಟ್ಟಳು.

ನನಗೆ ಒಂದು ಕ್ಷಣ ಸಮಾಧಾನವಾಯಿತು, ನಿಜ ಹೇಳಬೇಕೆಂದರೆ. ಪ್ಯಾಂಟು ಹೊರಗೆ ಹೋಗದಿದ್ದರೆ ಅವ್ವನಿಗೆ ಗೊತ್ತಾಗುವುದೇ ಇಲ್ಲ. “ಬಿಡು, ಐದ ಸಾಕು” ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಪ್ಯಾಂಟನ್ನು ಒಳಹೊರಗು ಮಾಡಿ ಹೊಲಿಗೆ ಬಿಚ್ಚತೊಡಗಿದಳು. ಕಾಲೇಜಿನಲ್ಲಿ ಹೊಲಿಗೆಯಾಚೆ ಅರ್ಧ ಇಂಚಿಗಿಂತ ಹೆಚ್ಚು ಬಟ್ಟೆ ಬಿಡಬಾರದು ಅಂತ ಕಲಿಸುತ್ತಾರಂತೆ, ಹೆಚ್ಚು ಬಿಟ್ಟರೆ ಉಬ್ಬುತ್ತೆ, ಅಂಕ ಹೋಗುತ್ತೆ. ಅವ್ವ ಮಾತ್ರ ಯಾವತ್ತೂ ಎರಡು ಬೆರಳು ಬಿಡುತ್ತಾಳೆ. ಹೆಣ್ಣುಮಕ್ಕಳ ಮೈ ಒಂದೇ ತೆರನಾಗಿ ಇರುವುದಿಲ್ಲ, ಬಸುರಿ ಬಾಣಂತಿ ಆದಾಗ ಬಿಚ್ಚಿ ಹಿಗ್ಗಿಸಿಕೊಳ್ಳಲಿ ಅಂತ. ಸೊಂಟದ ಪಟ್ಟಿಯಲ್ಲೂ ಪಕ್ಕದ ಹೊಲಿಗೆಯಲ್ಲೂ ತಂಗಿಯ ಕೈ ಅಭ್ಯಾಸಬಲದಿಂದ ಎರಡು ಬೆರಳು ಬಿಟ್ಟಿತ್ತು. ಇಪ್ಪತ್ತು ನಿಮಿಷದಲ್ಲಿ ಬಿಚ್ಚಿ ಹೊಲಿದಳು. ನಾನು ಇಸ್ತ್ರಿ ಎಳೆದೆ. ಹಳೇ ಹೊಲಿಗೆಯ ತೂತುಗಳ ಸಾಲು ಮಾತ್ರ ಹೋಗಲಿಲ್ಲ.

ಶೋ ಶುರುವಾದಾಗ ಓಡಿಬಂದು ಅವ್ವನ ಪಕ್ಕ ಕೂತೆ. ಪ್ಲೈವುಡ್ಡಿನ ರ‍್ಯಾಂಪ್, ಕಿವಿ ಹಾರಿಹೋಗುವ ಸಂಗೀತ. ಸಮುದ್ರ ಹೋಯಿತು, ಮಂಗಳ ಗ್ರಹ ಹೋಯಿತು. ಅಪ್ಪ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ರೈಲಿನಲ್ಲಿ ಕೂತವನ ಹಾಗೆ ಕೂತಿದ್ದ. ತಂಗಿಯ ಸರದಿ ಬಂತು.

ಮೊದಲ ಜಾಕೆಟ್ ಬಂದಾಗ ಅವ್ವ ನನ್ನ ತೋಳು ಹಿಡಿದಳು. “ಅದು ನಿಮ್ಮತ್ತಿ ತಂದಿದ್ದು, ನಿನ್ನ ತೊಟ್ಟಿಲದಾಗ ಹಾಕಿದಾಗ.” ಎರಡನೆಯದು ಬಂತು. “ಎದಿಮ್ಯಾಲಿಂದು ಮಠದ ಓಣಿ ಕಾಕಿದು. ತೋಳಿಂದು ಗೃಹಪ್ರವೇಶದ್ದು.” ಉದ್ದನೆಯ ಕೋಟು ಬಂದಾಗ ಎಣಿಸುತ್ತಾ ಹೋದಳು, ಯಾರ ಮದುವೆ, ಯಾರ ಸೀಮಂತ, ಯಾವ ವರ್ಷದ ಜಾತ್ರೆ. ನಾನು ಬಟ್ಟೆ ನೋಡುತ್ತಿದ್ದೆ, ಅವ್ವ ಮಂದಿಯನ್ನು ನೋಡುತ್ತಿದ್ದಳು. ಪಕ್ಕದ ಕುರ್ಚಿಯ ಅಪರಿಚಿತ ಹುಡುಗಿಯೂ ವೇದಿಕೆ ಬಿಟ್ಟು ಅವ್ವನ ಕಡೆ ಬಗ್ಗಿ ಕೇಳುತ್ತಿದ್ದಳು.

ಆರನೆಯದು ಪ್ಯಾಂಟು. ಅವ್ವ ಏನೂ ಅನ್ನಲಿಲ್ಲ. ಜೂನಿಯರ್ ಹುಡುಗಿ ರ‍್ಯಾಂಪಿನ ತುದಿಗೆ ಬಂದು, ನಿಂತು, ತಿರುಗಿದಳು. ಎಡಗಾಲಿನ ಮಂಡಿಯ ಮೇಲೆ ಕೆಂಪು ಖಣ. ಅವಳು ಪರದೆಯ ಹಿಂದೆ ಹೋದಮೇಲೆ ಅವ್ವ ಮೆಲ್ಲಗೆ ಅಂದಳು, “ಅದು ನಮ್ಮವ್ವ ತಂದಿದ್ದು. ನನ್ನ ಕುಬಸಕ್ಕ. ನೀ ಹೊಟ್ಯಾಗಿದ್ದಿ.”

ಅಜ್ಜಿ ತೀರಿಹೋಗಿ ಹನ್ನೊಂದು ವರ್ಷ. ನಲವತ್ತು ಖಣಗಳಲ್ಲಿ ಅದು ಯಾವುದು ಅಂತ ತಂಗಿಗೆ ಗೊತ್ತಿರಲಿಲ್ಲ, ನನಗೂ. ನಾವು ಕೇಳಿರಲೇ ಇಲ್ಲ. ಬಣ್ಣ ಹೊಂದುತ್ತದೆ ಅಂತ ತೆಗೆದದ್ದು.

ಮೂರು ವರ್ಷದ ಓದು, ವೇದಿಕೆಯ ಮೇಲೆ ಐದು ನಿಮಿಷವೂ ಇರಲಿಲ್ಲ. ಕೊನೆಯಲ್ಲಿ ತಂಗಿ ಬಂದು ಕೈಮುಗಿದು ಹೋದಳು. ಅಪ್ಪ ಚಪ್ಪಾಳೆ ಹೊಡೆದ. ಜೋರಾಗಿಯೇ ಹೊಡೆದ.

ಪರದೆಯ ಹಿಂದೆ ಹೋದಾಗ ತಂಗಿ ಅವ್ವನ ಮುಖ ನೋಡಲಾರದೆ ಹ್ಯಾಂಗರ್ ಜೋಡಿಸುತ್ತಿದ್ದಳು. ಅವ್ವ ಸೀದಾ ಹೋಗಿ ಪ್ಯಾಂಟು ತೆಗೆದುಕೊಂಡಳು. ಮೊದಲು ಕೆಂಪು ಖಣದ ಮೇಲೆ ಕೈಯಾಡಿಸಿದಳು. ಆಮೇಲೆ, ಹೊಲಿಯುವವಳಲ್ಲವೇ, ಒಳಮೈ ತಿರುವಿ ಹೊಲಿಗೆ ನೋಡಿದಳು. ಸೊಂಟದ ಹತ್ತಿರ ಬೆರಳು ನಿಂತಿತು.

“ಇಲ್ಲಿ ಬಿಚ್ಚಿ ಹೊಲಿದೀಯೇನು?”

“ಹೂಂನವ್ವಾ.”

“ಎರಡು ಬೆರಳು ಬಿಟ್ಟಿದ್ದಿ, ಉಳೀತು.”

ಅಷ್ಟೇ. ಮಾತು ತಪ್ಪಿದ್ದರ ಬಗ್ಗೆ ಆ ರಾತ್ರಿ ಒಂದಕ್ಷರ ಆಡಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ತಂಗಿ ಅತ್ತಳು. ತೂತಿನ ಸಾಲಿಗೆ ಪರೀಕ್ಷಕರು ಅಂಕ ಕಳೆದದ್ದಕ್ಕೆ ಅಂತ ನನಗೆ ಹೇಳಿದಳು.

ಬೆಳಗ್ಗೆ ಎದ್ದು ಅವ್ವ ಕೇಳಿದ್ದು, “ಕತ್ತರಿಸಿದ ಚಿಂದಿ ಎಲ್ಲಿ ಇಟ್ಟೀಯ?” ಪುಣ್ಯಕ್ಕೆ ತಂಗಿ ಎಸೆದಿರಲಿಲ್ಲ. ಮಂಚದ ಕೆಳಗಿನ ಎರಡು ದೊಡ್ಡ ಪ್ಲಾಸ್ಟಿಕ್ ಚೀಲ ಹೊರಗೆ ಬಂದವು. ಅವ್ವ ನೆಲದ ಮೇಲೆ ಎಲ್ಲವನ್ನೂ ಸುರಿದು, ಒಂದೊಂದನ್ನೇ ನೀವಿ, ಬಣ್ಣದ ಪ್ರಕಾರ ಒಟ್ಟಿ, ಕೌದಿ ಹೊಲಿಯುತ್ತೇನೆ ಅಂತ ಕಟ್ಟಿಕೊಂಡಳು. ಅದೇ ಸಂಜೆ ರೈಲು. ಅಪ್ಪ ಒಂದು ಚೀಲವನ್ನು ತಲೆದಿಂಬು ಮಾಡಿಕೊಂಡು ಮೇಲಿನ ಬರ್ತಿನಲ್ಲಿ ಮಲಗಿದ.

ತಂಗಿ ಈಗ ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್ ರಫ್ತು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ದಿನವಿಡೀ ಯಾರದೋ ದೇಶದ ಅಂಗಿಯ ಕಾಲರು ಅಳೆಯುವುದು. ನನ್ನ ಮೊದಲ ಸಂಬಳಕ್ಕಿಂತಲೂ ಕಡಿಮೆ ಸಂಬಳ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಬಟ್ಟೆ ಡಿಸೈನ್ ಮಾಡ್ತಾಳೆ ಅಂತ ಈಗ ಪೂರ್ತಿ ಹೇಳುತ್ತೇನೆ, ಫೋಟೋ ಸಮೇತ.

ಊರಿಗೆ ಹೋದ ನಾಲ್ಕನೇ ದಿನ ಅವ್ವನ ಫೋನ್ ಬಂದಿತ್ತು. ಆರಾಮಿದ್ದೀಯಾ, ಉಂಡೆಯಾ, ಯಾವುದೂ ಇಲ್ಲ.

“ಆ ಕೆಂಪಂದು ಎರಡು ತುಂಡು ಕಡಿಮಿ ಅದಾವ ನೋಡು. ಮಂಚದ ಬುಡಕ ಹುಡುಕು.”